ಅಡಿಕೆ ನೆರಳಲ್ಲಿ ಕಾಫಿ: ಗಿಡ ತರೋದಕ್ಕೆ ಮುಂಚೆ ಒಂದಿಷ್ಟು ಲೆಕ್ಕ



ಇವತ್ತಿನ ವಿಷಯ ಒಂದು ಗಿಡ. ವರ್ಷವಿಡೀ ಹಸಿರಾಗೇ ಇರುತ್ತೆ, ಎಲೆ ಉದುರಿಸಿ ಬೋಳಾಗಲ್ಲ. ನೆರಳಲ್ಲಿ ಬೆಳೆಯುತ್ತೆ. ಚಳಿಗಾಲ ಬಂತು ಅಂದ್ರೆ ರೆಕ್ಕೆ ತುಂಬಾ ಕೆಂಪು ಹಣ್ಣು. ನಮ್ಮ ಕೇಪಳ ಹೂವಿದೆಯಲ್ಲ, ಅದರದ್ದೇ ಕುಟುಂಬ. ಗೊತ್ತಾಯ್ತಲ್ಲ? ಕಾಫಿ.

ನಾನು ಇಕ್ಕೇರಿ ಕಡೆಯವನು. ನಮ್ಮ ಕಡೆ ಕಾಫಿ ಹೊಸದೇನಲ್ಲ. ಹಳೇ ಮನೆಗಳ ಹಿತ್ತಲಲ್ಲಿ ನಾಲ್ಕೈದು ಕಾಫಿ ಗಿಡ ಇದ್ದೇ ಇರ್ತಿತ್ತು. ಹಣ್ಣು ಕೊಯ್ದು, ಅಂಗಳದಲ್ಲಿ ಒಣಗಿಸಿ, ಒರಳಲ್ಲಿ ಕುಟ್ಟಿ, ಬಾಣಲೆಯಲ್ಲಿ ಹುರಿದು ಮನೆಮಟ್ಟಿಗೆ ಪುಡಿ ಮಾಡ್ಕೊಳ್ತಿದ್ರು. ಅದು ಮನೆ ಖರ್ಚಿನ ಗಿಡ. ದುಡ್ಡಿನ ಬೆಳೆ ಅಂದ್ರೆ ಅಡಿಕೆ ಒಂದೇ, ಜೊತೆಗೆ ಒಂಚೂರು ಕಾಳುಮೆಣಸು, ಏಲಕ್ಕಿ. ಕೆಳದಿ ಅರಸರ ಕಾಲದಿಂದಲೂ ಈ ಸೀಮೆ ಬದುಕಿದ್ದೇ ಅಡಿಕೆ, ಮೆಣಸಿನ ಮೇಲೆ.

ಈಗ ಚಿತ್ರ ಬದಲಾಗಿದೆ. ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ಕಡೆ ಅಡಿಕೆ ಮರಗಳ ಮಧ್ಯೆ ಸಾಲುಸಾಲು ಕಾಫಿ ಗಿಡ ಕಾಣ್ತಾ ಇದೆ. ನನಗೆ ಬರೋ ಮೆಸೇಜ್‌ಗಳಲ್ಲೂ ಇದೇ ಪ್ರಶ್ನೆ: "ಅಣ್ಣಾ, ಮನೇಲಿ ಕಾಫಿ ಹಾಕ್ತೀವಿ ಅಂತಿದಾರೆ, ಹಾಕ್ಬಹುದಾ?" ಕೇಳೋರು ಬಹಳಷ್ಟು ಜನ ಬೆಂಗಳೂರಲ್ಲಿ ಕೆಲಸ ಮಾಡೋರು. ಊರಲ್ಲಿ ಎರಡು ಎಕರೆ ತೋಟ, ನೋಡ್ಕೊಳ್ಳೋಕೆ ಅರವತ್ತು ದಾಟಿದ ಅಪ್ಪಯ್ಯ, ಅಮ್ಮ. ಹಾಗಾಗಿ ಇದನ್ನ ಬರೀ ಗಿಡದ ಪ್ರಶ್ನೆ ಅಂತ ನೋಡಿದ್ರೆ ಆಗಲ್ಲ. ಆ ಮನೆಯ ಮುಂದಿನ ಇಪ್ಪತ್ತು ವರ್ಷದ ಪ್ರಶ್ನೆ ಇದು.

ಮೊದಲು, ಕಾಫಿ ಈಗ ಯಾಕೆ ಬಂತು? ಮೂರು ಕಾರಣ.

ಒಂದು, ರೋಗ. ಅಡಿಕೆ ಎಲೆಚುಕ್ಕಿ ರೋಗ 2022ರ ಆಸುಪಾಸಿಂದ ಮಲೆನಾಡಲ್ಲಿ ದೊಡ್ಡದಾಗಿ ಹಬ್ಬಿತು. ಹೊಸನಗರದ ನಗರ ಸೀಮೆ, ತೀರ್ಥಹಳ್ಳಿಯ ಆಗುಂಬೆ ಕಡೆ, ಆಚೆ ಶೃಂಗೇರಿ, ಕೊಪ್ಪ, ಕಳಸ. ಸೋಗೆ ಮೇಲೆ ಕಂದು ಚುಕ್ಕಿ ಬಿದ್ದು, ಚುಕ್ಕಿ ಕೂಡಿ, ಸೋಗೆ ಸುಟ್ಟ ಹಾಗಾಗುತ್ತೆ. ಮರ ತಕ್ಷಣ ಸಾಯಲ್ಲ, ಆದ್ರೆ ಫಸಲು ಇಳೀತಾ ಹೋಗುತ್ತೆ. ಶೃಂಗೇರಿ, ಕೊಪ್ಪ ಭಾಗದಲ್ಲಿ ಹಳದಿ ಎಲೆ ರೋಗ ತೋಟಕ್ಕೆ ತೋಟವನ್ನೇ ಮುಗಿಸಿದ್ದನ್ನ ನಮ್ಮ ಹಿರಿಯರು ಕಣ್ಣಾರೆ ನೋಡಿದಾರೆ. ಆ ಭಯ ಇದೆ.

ಎರಡು, ಒಂದೇ ಬೆಳೆ ನಂಬೋ ಅಪಾಯ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಅಡಿಕೆಯನ್ನ ಕ್ಯಾನ್ಸರ್‌ಕಾರಕಗಳ ಮೊದಲನೇ ಗುಂಪಿಗೆ ಸೇರಿಸಿದೆ. ಇದರ ಬಗ್ಗೆ ಊರಲ್ಲಿ ವಾದ ಮಾಡೋರು ಬೇಕಾದಷ್ಟು ಜನ ಇದ್ದಾರೆ, ಆದ್ರೆ ಪ್ರತಿ ಸಲ ನಿಷೇಧ ಅನ್ನೋ ಸುದ್ದಿ ಬಂದಾಗ ರಾತ್ರಿ ನಿದ್ದೆ ಕೆಡೋದು ಬೆಳೆಗಾರನಿಗೇ.

ಮೂರು, ದರ. 2019, 2020ರಲ್ಲಿ ರೋಬಸ್ಟಾ ಚೆರ್ರಿ 50 ಕೆಜಿ ಮೂಟೆಗೆ ಮೂರೂವರೆ ಸಾವಿರದ ಆಸುಪಾಸಲ್ಲಿತ್ತು. 2024ರಲ್ಲಿ ಅದೇ ಮೂಟೆ ಹತ್ತು ಸಾವಿರ ದಾಟಿತು. ವಿಯೆಟ್ನಾಂನಲ್ಲಿ ಬರ, ಬ್ರೆಜಿಲ್‌ನಲ್ಲಿ ಬರ. ಲಂಡನ್ ಮಾರುಕಟ್ಟೆಯಲ್ಲಿ ರೋಬಸ್ಟಾ ಟನ್ನಿಗೆ 5,000 ಡಾಲರ್ ಮೇಲೆ ಹೋಯ್ತು. ಆಮೇಲೆ ಶುರುವಾಯ್ತು ನೋಡಿ ರೀಲ್ಸ್. "ಎಕರೆಗೆ ಐದು ಲಕ್ಷ!" ಹಿಂದೆ ಒಂದು ಜೋಶ್ ಮ್ಯೂಸಿಕ್ಕು.

ನಾನು ಬಿಕಾಂ ಓದಿದವನು. ಅಂಥ ರೀಲ್ ನೋಡಿದ ಕೂಡಲೇ ನನಗೆ ಬರೋ ಪ್ರಶ್ನೆ ಒಂದೇ: ಖರ್ಚಿನ ಕಾಲಂ ಎಲ್ಲಿ?

ಆ ಲೆಕ್ಕಕ್ಕೆ ಬರ್ತೀನಿ. ಅದಕ್ಕೂ ಮುಂಚೆ ಗಿಡ ಅರ್ಥ ಮಾಡ್ಕೊಳ್ಳೋಣ.

ನಮ್ಮಲ್ಲಿ ಬೆಳೆಯೋ ಕಾಫಿ ಎರಡು ಜಾತಿ: ಅರೇಬಿಕಾ, ರೋಬಸ್ಟಾ. ಅರೇಬಿಕಾಕ್ಕೆ ಎತ್ತರ ಬೇಕು, ಸಾವಿರ ಮೀಟರ್ ಮೇಲಿದ್ರೆ ಖುಷಿ. ಬಾಬಾಬುಡನ್‌ಗಿರಿ ಅಂಥ ಜಾಗ. ಸಾಗರ, ತೀರ್ಥಹಳ್ಳಿ ಪೇಟೆಗಳು ಇರೋದು ಸುಮಾರು 600 ಮೀಟರ್ ಎತ್ತರದಲ್ಲಿ. ಈ ಎತ್ತರದಲ್ಲಿ ಅರೇಬಿಕಾ ಹಾಕಿದ್ರೆ ಬಿಳಿ ಕಾಂಡಕೊರಕದ ಕಾಟ. ಅದು ಕಾಂಡದೊಳಗೆ ಸುರಂಗ ಕೊರೆದು ಗಿಡವನ್ನೇ ಒಣಗಿಸುತ್ತೆ. ರೋಬಸ್ಟಾಕ್ಕೆ ಆ ಹುಳದ ಕಾಟ ಇಲ್ಲ ಅಂತಲೇ ಹೇಳಬಹುದು. ಎಲೆ ತುಕ್ಕು ರೋಗವನ್ನೂ ಅದು ಚೆನ್ನಾಗಿ ತಡ್ಕೊಳ್ಳುತ್ತೆ.

ಇನ್ನೊಂದು ವಿಷಯ ಕೆಲಸದ ಕ್ಯಾಲೆಂಡರ್. ಅರೇಬಿಕಾ ಹಣ್ಣಾಗೋದು ನವೆಂಬರ್‌, ಡಿಸೆಂಬರ್‌ನಲ್ಲಿ. ಆಗ ನಮ್ಮಲ್ಲಿ ಅಡಿಕೆ ಕೊಯ್ಲು, ಸುಲಿತ, ಬೇಯಿಸೋದು ಎಲ್ಲಾ ಜೋರು. ಕೊನೆಗೌಡನ ಕೈಕಾಲು ಹಿಡಿಯೋ ಸಮಯ. ರೋಬಸ್ಟಾ ಹಣ್ಣಾಗೋದು ಜನವರಿಯಿಂದ ಮಾರ್ಚ್ ತನಕ. ಅಷ್ಟೊತ್ತಿಗೆ ಅಡಿಕೆ ಕೆಲಸ ಹಗುರ ಆಗಿರುತ್ತೆ, ಒಣಗಿಸೋ ಅಂಗಳ ಖಾಲಿ ಇರುತ್ತೆ. ಹಾಗಾಗಿ ನಮ್ಮ ಸೀಮೆಗೆ ರೋಬಸ್ಟಾನೇ ಸರಿ ಅನ್ನೋದು ನನ್ನ ಅಭಿಪ್ರಾಯ.

ರೋಬಸ್ಟಾದಲ್ಲಿ ಹೆಚ್ಚು ಕೇಳೋ ಹೆಸರು ಎರಡು. ಎಸ್ 274 ಮತ್ತು ಸಿ ಇಂಟು ಆರ್. ಮೊದಲನೇದು ದೊಡ್ಡ ಪೊದೆ ಆಗುತ್ತೆ. ಎರಡನೇದು ಸ್ವಲ್ಪ ಗಿಡ್ಡ, ಅಡಿಕೆ ಮಧ್ಯದ ಇಕ್ಕಟ್ಟು ಜಾಗಕ್ಕೆ ಹೊಂದುತ್ತೆ, ಆದ್ರೆ ಬೇಸಿಗೆಯಲ್ಲಿ ನೀರು ಕೇಳುತ್ತೆ. ಎರಡನ್ನೂ ಬೆಳೆಸಿ ನೋಡಿರೋ ಸಂಸ್ಥೆ ದೂರ ಇಲ್ಲ. ಬಾಳೆಹೊನ್ನೂರಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ. 1925ರಲ್ಲಿ ಮೈಸೂರು ಸರ್ಕಾರದ ಪ್ರಯೋಗ ಕೇಂದ್ರವಾಗಿ ಶುರುವಾಗಿದ್ದು. ಅದಕ್ಕೂ ಮುಂಚೆ 1915ರಲ್ಲಿ ಕೊಪ್ಪದಲ್ಲಿ ಒಂದು ಸಣ್ಣ ತಾತ್ಕಾಲಿಕ ಘಟಕ ಇತ್ತು. ಅದರ ಹಿಂದೆ ಇದ್ದ ಲೆಸ್ಲಿ ಕೋಲ್ಮನ್ ಅನ್ನೋ ಕೆನಡಾದ ವಿಜ್ಞಾನಿಯೇ ನಮ್ಮ ಅಡಿಕೆ ಕೊಳೆರೋಗದ ಬಗ್ಗೆ 1910ರಲ್ಲಿ ವರದಿ ಬರೆದದ್ದು.

ಕೊಳೆರೋಗ ಅಂದಾಗ ಒಂದು ಮಜಾ ಸಂಗತಿ. ಕಾಫಿಗೂ ಕೊಳೆರೋಗ ಇದೆ. ಅಡಿಕೆದು ಬೇರೆ ಶಿಲೀಂಧ್ರ, ಕಾಫಿದು ಬೇರೆ. ಮಳೆಗಾಲದಲ್ಲಿ ಎಲೆ, ಕಾಯಿ ಕಪ್ಪಾಗಿ ಕೊಳೆತು ಬಲೆಯಂಥ ಎಳೆಗೆ ನೇತಾಡುತ್ತೆ. ಆ ಶಿಲೀಂಧ್ರದ ವೈಜ್ಞಾನಿಕ ಹೆಸರಲ್ಲೇ 'ಕೊಳೆರೋಗ' ಅನ್ನೋ ಕನ್ನಡ ಪದ ಸೇರ್ಕೊಂಡಿದೆ. ಲ್ಯಾಟಿನ್ ಹೆಸರಿನ ಮಧ್ಯೆ ನಮ್ಮ ತೋಟದ ಮಾತು! ಖುಷಿ ಪಡಿ, ಆದ್ರೆ ಗಿಡಕ್ಕೆ ಬರದ ಹಾಗೆ ನೋಡ್ಕೊಳ್ಳಿ. ಅದಕ್ಕೆ ಮಳೆಗಾಲಕ್ಕೆ ಮುಂಚೆ ಗಿಡದ ನಡು ಬಿಡಿಸಿ ಗಾಳಿ ಬೆಳಕು ಆಡೋ ಹಾಗೆ ಮಾಡ್ಬೇಕು. ಕೊಳೆತ ಎಲೆ, ಬಿದ್ದ ಸೋಗೆ ಗಿಡದ ಮೇಲೆ ಉಳೀಬಾರದು.

ಈಗ ನೆಡೋ ವಿಷಯ. ನಮ್ಮ ಅಡಿಕೆ ತೋಟ ಸಾಮಾನ್ಯವಾಗಿ ಒಂಬತ್ತು ಅಡಿಗೆ ಒಂಬತ್ತು ಅಡಿ ಅಂತರದ್ದು. ಎಕರೆಗೆ ಸುಮಾರು 540 ಮರ. ನಾಲ್ಕು ಅಡಿಕೆ ಮರದ ನಟ್ಟನಡುವೆ ಒಂದು ಕಾಫಿ. ಎಲ್ಲಾ ಚೌಕಕ್ಕೂ ಹಾಕಿದ್ರೆ ನಾಲ್ಕನೇ ವರ್ಷಕ್ಕೆ ಓಡಾಡೋಕೆ ಜಾಗ ಇರಲ್ಲ, ಅಡಿಕೆ ಗೊನೆ ಇಳಿಸೋಕೂ ಕಷ್ಟ. ಒಂದು ಬಿಟ್ಟು ಒಂದು ಚೌಕಕ್ಕೆ ಹಾಕಿದ್ರೆ ಎಕರೆಗೆ 270 ಗಿಡ. ಅಷ್ಟು ಸಾಕು.

ಬೇಸಿಗೆ ಮಳೆ ಬಿದ್ದ ಮೇಲೆ ಒಂದೂವರೆ ಅಡಿ ಗುಂಡಿ ತೆಗೆದು, ಗೊಬ್ಬರ ಮಣ್ಣು ತುಂಬಿಡಿ. ಮುಂಗಾರು ಹಿಡಿಯೋ ಹೊತ್ತಿಗೆ ನೆಡಿ. ಆಗುಂಬೆ ಥರ ವರ್ಷಕ್ಕೆ 7,000 ಮಿಲಿಮೀಟರ್ ಮೇಲೆ ಮಳೆ ಬೀಳೋ ಕಡೆ ಎಳೇ ಗಿಡ ಜುಲೈ ತಡೆಯಲ್ಲ ಅನ್ನಿಸಿದ್ರೆ ಸೆಪ್ಟೆಂಬರ್, ಅಕ್ಟೋಬರ್ ತನಕ ಕಾಯಿರಿ. ಕಾಫಿ ಬೇರಿಗೆ ನೀರು ನಿಂತ್ರೆ ಆಗಲ್ಲ. ನಮ್ಮ ತೋಟಗಳು ಬಹುಪಾಲು ಗುಡ್ಡದ ಕೆಳಗೆ, ಹಳ್ಳದ ಪಕ್ಕ. ಬಸಿಗಾಲುವೆ ಸರಿ ಇಲ್ಲದ ತೋಟಕ್ಕೆ ಕಾಫಿ ತರೋದೇ ಬೇಡ. ಮೊದಲು ಕಾಲುವೆ, ಆಮೇಲೆ ಗಿಡ.

ಗಿಡ ತರೋವಾಗ ಹುಷಾರು. ನಮ್ಮ ಪಕ್ಕದ ಮನೆಯವರು ಒಂದು ನರ್ಸರಿಯಿಂದ ಕಡಿಮೆ ರೇಟಿಗೆ ಅಂತ ತಂದ ಗಿಡಗಳಲ್ಲಿ ಬೇರು ಚೀಲದ ತಳದಲ್ಲಿ ಸುರುಳಿ ಸುತ್ತಿತ್ತು. ಎರಡು ವರ್ಷ ಆದ್ರೂ ಗಿಡ ಮೊಣಕಾಲು ದಾಟಲಿಲ್ಲ. ಚೀಲ ಹರಿದು ಒಂದು ಗಿಡದ ಬೇರು ನೋಡದೇ ದುಡ್ಡು ಕೊಡಬೇಡಿ.

ಇನ್ನು ನೆರಳು. ಕಾಫಿ ನೆರಳು ತಡೆಯೋ ಗಿಡ ನಿಜ, ಆದ್ರೆ ಕತ್ತಲೆಯ ಗಿಡ ಅಲ್ಲ. ರೋಬಸ್ಟಾಕ್ಕೆ ಅರೇಬಿಕಾಕ್ಕಿಂತ ಹೆಚ್ಚು ಬೆಳಕು ಬೇಕು. ಅಡಿಕೆ, ಅದಕ್ಕೆ ಹಬ್ಬಿದ ಮೆಣಸು, ಬದುವಲ್ಲಿ ಹಲಸು, ಮಾವು ಎಲ್ಲಾ ಸೇರಿ ದಟ್ಟ ಆದ್ರೆ ಗಿಡ ಬೆಳಕು ಹುಡುಕ್ಕೊಂಡು ಎತ್ತರಕ್ಕೆ ಹೋಗುತ್ತೆ. ಗೆಣ್ಣಿಂದ ಗೆಣ್ಣಿಗೆ ದೂರ ಆಗುತ್ತೆ. ಹೂ ಬರೋದು ಗೆಣ್ಣಲ್ಲೇ, ಹಾಗಾಗಿ ಗೆಣ್ಣು ಕಡಿಮೆ ಆದಷ್ಟೂ ಹಣ್ಣು ಕಡಿಮೆ. ಕಾಫಿ ಸೀಮೆಯಲ್ಲಿ ಮಳೆಗಾಲಕ್ಕೆ ಮುಂಚೆ ಮರಗಸಿ ಮಾಡೋದು, ಅಂದ್ರೆ ನೆರಳಿನ ಮರದ ಕೊಂಬೆ ಸವರೋದು, ಇದಕ್ಕೇ. ನಮ್ಮಲ್ಲೂ ತೋಟದ ಅಂಚಿನ ಮರಗಳಿಗೆ ಅದನ್ನ ಮಾಡ್ಬೇಕಾಗುತ್ತೆ.

ಗಿಡಕ್ಕೂ ಕಸಿ ಬೇಕು. ರೋಬಸ್ಟಾವನ್ನ ಐದು, ಐದೂವರೆ ಅಡಿಗೆ ತಲೆ ಕತ್ತರಿಸಿ ನಿಲ್ಲಿಸ್ತಾರೆ, ಕೈಗೆ ಸಿಗೋ ಹಾಗೆ. ಕಾಂಡದಿಂದ ನೇರ ಮೇಲಕ್ಕೆ ಬರೋ ಕಂಬಚಿಗುರನ್ನ ಎಳೇದಿದ್ದಾಗಲೇ ಮುರಿದು ಹಾಕ್ಬೇಕು. ಅದು ಹಣ್ಣು ಕೊಡಲ್ಲ, ಗಿಡದ ಸಾರ ತಿನ್ನುತ್ತೆ. ಹಣ್ಣು ಬಿಡೋದು ಹಿಂದಿನ ವರ್ಷ ಬೆಳೆದ ರೆಕ್ಕೆಯಲ್ಲಿ. ಹಾಗಾಗಿ ಕೊಯ್ಲು ಮುಗಿದ ಮೇಲೆ ಹಣ್ಣು ಕೊಟ್ಟು ಬಳಲಿದ ಹಳೇ ರೆಕ್ಕೆ ತೆಗೆದು ಹೊಸದಕ್ಕೆ ಜಾಗ ಬಿಡ್ಬೇಕು. ಒಂದೇ ವರ್ಷ ಬಿಟ್ರೂ ಪೊದೆ ಕಾಡಾಗುತ್ತೆ.

ಈಗ ನಮ್ಮ ತೋಟಗಳಿಗೆ ಮಾತ್ರ ಇರೋ ಒಂದು ತೊಂದರೆ. ಗಮನ ಇಟ್ಟು ಕೇಳಿ, ಯಾಕಂದ್ರೆ ರೀಲ್ಸ್‌ನಲ್ಲಿ ಇದನ್ನ ಹೇಳಲ್ಲ. ಕಾಫಿ ಮೊಗ್ಗು ಅರಳೋಕೆ ಮೊದಲು ಒಣಗು ಬೇಕು, ಆಮೇಲೆ ಒಮ್ಮೆಲೇ ನೀರು ಬೇಕು. ಒಂದೆರಡು ತಿಂಗಳು ಬಾಯಾರಿದ ಗಿಡಕ್ಕೆ ಫೆಬ್ರವರಿ, ಮಾರ್ಚಲ್ಲಿ ಒಂದು ಒಳ್ಳೇ ಹೂಮಳೆ, ಒಂದು ಒಂದೂವರೆ ಇಂಚು, ಬಿದ್ರೆ ವಾರ ಎಂಟು ದಿನದಲ್ಲಿ ತೋಟ ಪೂರ್ತಿ ಬೆಳ್ಳಗಾಗುತ್ತೆ. ಎಲ್ಲಾ ಒಂದೇ ಸಲ ಹೂವಾದ್ರೆ ಎಲ್ಲಾ ಒಂದೇ ಸಲ ಹಣ್ಣು. ಆದ್ರೆ ಅಡಿಕೆಗೆ ನಾವು ಡಿಸೆಂಬರಿಂದ ಮೇ ತನಕ ನೀರು ಬಿಡ್ತಾನೇ ಇರ್ತೀವಿ. ಕಾಫಿಗೆ ಬಾಯಾರಿಕೆನೇ ಆಗಲ್ಲ. ಹೂವು ಅಲ್ಲಿಷ್ಟು ಇಲ್ಲಿಷ್ಟು, ತಿಂಗಳುಗಟ್ಟಲೆ. ಆಮೇಲೆ ಹಣ್ಣೂ ಹಾಗೇ: ಒಂದೇ ರೆಕ್ಕೆಯಲ್ಲಿ ಕೆಂಪು, ಹಳದಿ, ಹಸಿರು. ಒಂದು ಸಲದ ಕೊಯ್ಲು ನಾಲ್ಕು ಸಲ ಆಗುತ್ತೆ, ಕೂಲಿ ಏರುತ್ತೆ, ಗಿಡದಲ್ಲಿ ಸದಾ ಕಾಯಿ ಇರೋದ್ರಿಂದ ಕಾಯಿಕೊರಕ ಹುಳಕ್ಕೆ ವರ್ಷಪೂರ್ತಿ ಊಟ. ಸಾಧ್ಯ ಇದ್ದೋರು ಅಡಿಕೆ ಬುಡಕ್ಕೆ ಮಾತ್ರ ಡ್ರಿಪ್ ಮಾಡಿ, ಕಾಫಿಗೆ ಸಮಯ ನೋಡಿ ಜೆಟ್ ಹಾಕೋದು ಒಳ್ಳೇದು.

ಹೂವಿನ ದಿನಗಳಲ್ಲಿ ತೋಟಕ್ಕೆ ಏನೂ ಹೊಡೀಬೇಡಿ. ರೋಬಸ್ಟಾ ತನ್ನದೇ ಪರಾಗದಿಂದ ಕಾಯಿ ಕಟ್ಟಲ್ಲ, ಬೇರೆ ಗಿಡದ ಪರಾಗ ಬೇಕು. ಅದನ್ನ ತರೋದು ಗಾಳಿ, ತುಡುವೆ, ಹೆಜ್ಜೇನು. ಜೇನುಪೆಟ್ಟಿಗೆ ಇಟ್ಟೋರಿಗೆ ಎರಡು ಲಾಭ.

ಕೊಯ್ಲಿನ ಬಗ್ಗೆ ಒಂದು ಗಂಭೀರ ಮಾತು. ಮಂಗನ ಕಾಯಿಲೆ. ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ 2018-19ರ ಚಳಿಗಾಲದಲ್ಲಿ ಆದ ಸಾವುಗಳು ನೆನಪಿದೆಯಲ್ಲ? ಆ ರೋಗ ಹೆಚ್ಚೋದು ಡಿಸೆಂಬರಿಂದ ಮೇ ತನಕ. ಸರಿಯಾಗಿ ರೋಬಸ್ಟಾ ಕೊಯ್ಲಿನ ಸಮಯ. ತರಗೆಲೆ ಮೇಲೆ ಕೂತು ಉದುರಿದ ಹಣ್ಣು ಹೆಕ್ಕೋ ಕೆಲಸ, ಹಣ್ಣಿಗೆ ಬರೋ ಮಂಗ, ತರಗೆಲೆಯಲ್ಲಿ ಉಣುಗು. ಕಾಡಂಚಿನ ತೋಟದಲ್ಲಿ ಕೊಯ್ಲಿಗೆ ಹೋಗೋರಿಗೆ ಕೈಕಾಲು ಮುಚ್ಚೋ ಬಟ್ಟೆ ಕೊಡಿ, ಆರೋಗ್ಯ ಇಲಾಖೆ ಕೊಡೋ ಡೆಪಾ ಎಣ್ಣೆ ಹಚ್ಚಿಸಿ, ಮನೆಗೆ ಬಂದ ಕೂಡಲೇ ಬಿಸಿನೀರು ಸ್ನಾನ. ತೋಟದ ಹತ್ತಿರ ಮಂಗ ಸತ್ತು ಬಿದ್ದಿದ್ರೆ ಆ ಕಡೆ ಹೋಗದೇ ಆಸ್ಪತ್ರೆಗೆ ತಿಳಿಸಿ. ಕೂಲಿ ಉಳಿಸೋಕೆ ಹೋಗಿ ಜೀವದ ಜೊತೆ ಆಟ ಬೇಡ.

ಕೊಯ್ದದ್ದನ್ನ ಅಂಗಳದಲ್ಲಿ ತೆಳ್ಳಗೆ ಹರಡಿ, ದಿನಕ್ಕೆ ನಾಲ್ಕೈದು ಸಲ ಕೈಯಾಡಿಸಿ. ಬಿಸಿಲು ಚೆನ್ನಾಗಿದ್ರೆ ಎರಡು ವಾರ. ಮುಷ್ಟಿಯಲ್ಲಿ ಹಿಡಿದು ಅಲ್ಲಾಡಿಸಿದ್ರೆ ಗಲಗಲ ಅನ್ಬೇಕು. ರೋಬಸ್ಟಾ ಚೆರ್ರಿಯಲ್ಲಿ ತೇವಾಂಶ 11 ಪರ್ಸೆಂಟ್ ಇರ್ಬೇಕು. ಹೆಚ್ಚಿದ್ರೆ ವ್ಯಾಪಾರಿ ಕಟ್ ಮಾಡ್ತಾನೆ, ಬೂಷ್ಟೂ ಹಿಡಿಯುತ್ತೆ.

ಸರಿ, ಲೆಕ್ಕ. ಇದು ಉದಾಹರಣೆ ಮಾತ್ರ, ನಿಮ್ಮ ತೋಟದ ಅಂಕಿ ನೀವು ತುಂಬ್ಕೊಳ್ಳಿ. ಎಕರೆಗೆ 270 ಗಿಡ. ಗಿಡಕ್ಕೆ ಒಂದು ಕೆಜಿ ಒಣ ಚೆರ್ರಿ ಅಂತ ಹಿಡಿಯೋಣ. 270 ಕೆಜಿ, ಅಂದ್ರೆ ಐದು ಮೂಟೆ ಚಿಲ್ಲರೆ. ಮೂಟೆಗೆ ಹತ್ತು ಸಾವಿರ ಇದ್ರೆ ಐವತ್ತು ಸಾವಿರ. ಮೂರೂವರೆ ಸಾವಿರಕ್ಕೆ ಇಳಿದ್ರೆ ಹದಿನೇಳೂವರೆ ಸಾವಿರ. ಗಿಡ ಅದೇ, ಗೊಬ್ಬರ ಅದೇ, ಕಸಿ ಕೂಲಿ ಅದೇ. ನೂರು ಕೆಜಿ ಹಣ್ಣು ಒಣಗಿದ್ರೆ ಸಿಗೋದು ನಲವತ್ತು ಕೆಜಿ ಚೆರ್ರಿ. ಅಂದ್ರೆ ಆ ಐದು ಮೂಟೆಗೆ ನೀವು 650 ಕೆಜಿ ಹಣ್ಣು ಕೊಯ್ಸಬೇಕು. ಕೊಯ್ಲು, ಕಸಿ, ಗೊಬ್ಬರ, ನೀರು ಎಲ್ಲಾ ಬರೆದು, ಇಳಿದ ದರದಲ್ಲೂ ಕೈಗೆ ಏನಾದ್ರೂ ಉಳಿಯುತ್ತಾ ನೋಡಿ. ಉಳಿದ್ರೆ ಹಾಕಿ. ಹತ್ತು ಸಾವಿರಕ್ಕೆ ಮಾತ್ರ ಉಳಿಯುತ್ತೆ ಅಂದ್ರೆ ಯೋಚನೆ ಮಾಡಿ.

ಯಾಕೆ ಅಷ್ಟು ಹೆದರಿಸ್ತೀನಿ? ಇವತ್ತು ನೆಟ್ಟ ಗಿಡ ಫಸಲಿಗೆ ಬರೋದು ಮೂರು ನಾಲ್ಕು ವರ್ಷಕ್ಕೆ. ಇವತ್ತಿನ ದರ ನೋಡಿ ನೆಡೋರು ಮಾರೋದು ಅವತ್ತಿನ ದರಕ್ಕೆ. 1994ರಲ್ಲಿ ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಕಾಫಿ ದರ ಹಾರಿತು. ಅದೇ ದಶಕದಲ್ಲಿ ವಿಯೆಟ್ನಾಂ ಬೇಕಾಬಿಟ್ಟಿ ನೆಟ್ಟಿತು. 2001-02ರಲ್ಲಿ ದರ ನೆಲ ಕಚ್ಚಿ ಕೊಡಗು, ಚಿಕ್ಕಮಗಳೂರು, ಹಾಸನದ ಬೆಳೆಗಾರರು ಸಾಲದಲ್ಲಿ ಮುಳುಗಿದ್ರು. ನಮ್ಮ ಕಡೆಗೆ ಇನ್ನೂ ಹತ್ತಿರದ ಉದಾಹರಣೆ ವೆನಿಲ್ಲಾ. 2003ರ ಹೊತ್ತಿಗೆ ಹಸಿ ಕೋಡಿಗೆ ಕೆಜಿಗೆ ಸಾವಿರಗಟ್ಟಲೆ. ಬಳ್ಳಿ ಕಾಯೋಕೆ ರಾತ್ರಿ ತೋಟದಲ್ಲಿ ಮಲಗ್ತಿದ್ರು ಜನ. ಎರಡೇ ವರ್ಷದಲ್ಲಿ ಕೇಳೋರಿಲ್ಲ. ಅಪ್ಪಯ್ಯನ ಹತ್ರ ಕಾಫಿ ಮಾತು ಎತ್ತಿದಾಗ ಅವರು ಹೇಳಿದ್ದು ಇಷ್ಟೇ: "ವೆನಿಲ್ಲಾಕ್ಕೆ ಕಟ್ಟಿದ ಕಂಬ ಇನ್ನೂ ಇದೆ ಮಾರಾಯ, ಹೋಗಿ ನೋಡ್ಕೊಂಡು ಬಾ."

ಆದ್ರೆ ಕಾಫಿ ವೆನಿಲ್ಲಾ ಅಲ್ಲ. ದೇಶದಲ್ಲಿ ವರ್ಷಕ್ಕೆ ಸುಮಾರು ಮೂರೂವರೆ ಲಕ್ಷ ಟನ್ ಬೆಳೆಯುತ್ತೆ, ಅದರಲ್ಲಿ 70 ಪರ್ಸೆಂಟ್ ಕರ್ನಾಟಕದ್ದೇ. ಕಾಫಿ ಮಂಡಳಿ ಇದೆ, ವ್ಯಾಪಾರದ ಜಾಲ ಇದೆ, ಕುಡಿಯೋರು ಜಗತ್ತಿನ ತುಂಬಾ ಇದ್ದಾರೆ. ದರ ಇಳಿಯಬಹುದು, ಮಾರುಕಟ್ಟೆ ಮಾಯ ಆಗಲ್ಲ. ಅದಕ್ಕೇ ನಾನು ಕಾಫಿ ವಿರೋಧಿ ಅಲ್ಲ. ಅಡಿಕೆ ಕಡಿದು ಕಾಫಿ ಹಾಕೋದಕ್ಕೆ ವಿರೋಧಿ. ಅಡಿಕೆ, ಮೆಣಸು, ಕಾಫಿ ಮೂರೂ ಒಂದೇ ವರ್ಷ ಕೈಕೊಡೋದು ಅಪರೂಪ. ಒಂದು ಕಾಲಿನ ಸ್ಟೂಲ್‌ಗಿಂತ ಮೂರು ಕಾಲಿನ ಸ್ಟೂಲ್ ವಾಸಿ, ಅಷ್ಟೇ ನನ್ನ ಅರ್ಥಶಾಸ್ತ್ರ.

ಒಂದು ಕಡೆ ಮಾತ್ರ ಕಡ್ಡಾಯವಾಗಿ ಬೇಡ ಅಂತೀನಿ: ಸೊಪ್ಪಿನಬೆಟ್ಟ. ಕೆಲವರು ಬೆಟ್ಟದ ಮರ ಸವರಿ ಕಾಫಿ ಹಾಕೋ ಯೋಚನೆಯಲ್ಲಿದಾರೆ. ಬೆಟ್ಟ ನಮ್ಮ ಸ್ವಂತ ಜಮೀನಲ್ಲ, ಸೊಪ್ಪು, ದರಕು, ಒಣ ಕಟ್ಟಿಗೆ ತರೋ ಸವಲತ್ತು ಇರೋ ಕಾಡು. ಕಾನೂನು ಒಂದು ಕಡೆ ಇರಲಿ, ತೋಟದ ನೀರು ಹುಟ್ಟೋದೇ ಆ ಬೆಟ್ಟದಲ್ಲಿ. ಅದೂ ಅಲ್ಲದೆ, ಯುರೋಪ್ ಒಕ್ಕೂಟ 2023ರಲ್ಲಿ ಒಂದು ಕಾನೂನು ಮಾಡಿದೆ. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದ ಕಾಫಿಯನ್ನ ಅಲ್ಲಿ ಮಾರೋ ಹಾಗಿಲ್ಲ. ಜಾರಿ ಮುಂದಕ್ಕೆ ಹೋಗಿದೆ, ಆದ್ರೆ ಆ ತಾರೀಕು ಹಾಗೇ ಇದೆ. ನಮ್ಮ ಕಾಫಿಯ ದೊಡ್ಡ ಗಿರಾಕಿ ಯುರೋಪೇ. ಇದ್ದ ಅಡಿಕೆ ನೆರಳಲ್ಲಿ ಬೆಳೆದೋರಿಗೆ ಈ ಭಯ ಇಲ್ಲ.

ಕೊನೆಗೆ, ಈ ವಾರ ಊರಿಗೆ ಫೋನ್ ಮಾಡೋರು ನಾಲ್ಕು ಪ್ರಶ್ನೆ ಕೇಳಿ. ಬಸಿಗಾಲುವೆ ಸರಿ ಇದೆಯಾ? ಬೇಸಿಗೆಯಲ್ಲಿ ಕಾಫಿಗೆ ಬೇರೆ ನೀರು ಕೊಡೋಕಾಗುತ್ತಾ? ಜನವರಿ, ಫೆಬ್ರವರಿಯಲ್ಲಿ ಕೊಯ್ಯೋಕೆ ಜನ ಸಿಗ್ತಾರಾ? ಕಂಬಚಿಗುರು ಮುರಿಯೋಕೆ, ಕಸಿ ಮಾಡೋಕೆ ಯಾರಿದಾರೆ? ನಾಲ್ಕನೇದಕ್ಕೆ ಉತ್ತರ 'ಯಾರೂ ಇಲ್ಲ' ಅಂತಾದ್ರೆ, 270 ಬೇಡ, 50 ಗಿಡದಿಂದ ಶುರು ಮಾಡಿ. ಮಣ್ಣು ಪರೀಕ್ಷೆ ಮಾಡಿಸಿ. ಬಾಳೆಹೊನ್ನೂರಿಗೆ ಒಂದು ದಿನ ಅಪ್ಪಯ್ಯನನ್ನ ಕರ್ಕೊಂಡು ಹೋಗಿ ಬನ್ನಿ. ಇರುವಕ್ಕಿಯ ಕೃಷಿ ವಿಶ್ವವಿದ್ಯಾಲಯ ನಮ್ಮ ತಾಲ್ಲೂಕಲ್ಲೇ ಇದೆ, ಅಲ್ಲೂ ಕೇಳಿ. ತೋಟದಲ್ಲಿ ಕೆಲಸ ಮಾಡೋರು ಅವರು, ಹಾಗಾಗಿ ತೀರ್ಮಾನ ಅವರದ್ದೇ ಆಗಿರಲಿ. ಎಕ್ಸೆಲ್ ಶೀಟ್ ನಿಮ್ಮದು.

ನಿಮ್ಮ ತೋಟದಲ್ಲಿ ಈಗಾಗ್ಲೇ ಕಾಫಿ ಇದ್ರೆ, ಗಿಡಕ್ಕೆ ಎಷ್ಟು ಬಂತು, ಕೊಯ್ಲಿಗೆ ಎಷ್ಟು ಹೋಯ್ತು, ಎರಡೂ ಅಂಕಿ ವಾಯ್ಸ್ ನೋಟಲ್ಲಿ ಕಳಿಸಿ. ನಾಲ್ಕೂ ದಿಕ್ಕಿನ ಲೆಕ್ಕ ಒಟ್ಟು ಸೇರಿದ್ರೆ ಇನ್ನೊಂದು ಸಂಚಿಕೆ ಮಾಡೋಣ.